ರಟ್ಟಿನ ಅಜ್ಜ ಮತ್ತು ಮದುವೆ ಕೋಟು

ಆಯುಧಪೂಜೆಗೆಂದು ಅಂಗಡಿ ಗುಡಿಸುತ್ತಿದ್ದ ದರ್ಜಿ ಹಾಲೇಶಪ್ಪ, "ಈಗಿನವರಿಗೆ ಇದೆಲ್ಲ ಎಲ್ಲಿ ಬೇಕು" ಎನ್ನುತ್ತ, ಮೊಳೆಯಲ್ಲಿದ್ದ ರಟ್ಟಿನ ನಮೂನೆಯನ್ನು ರದ್ದಿ ಚೀಲಕ್ಕೆ ಹಾಕಿದ. ಕೋಟು ಕತ್ತರಿಸಲು ಅವನ ಗುರು ಮಾಡಿಟ್ಟಿದ್ದ ನಮೂನೆ ಅದು: ಇಳಿದ ಭುಜ, ನೇರ ಬದಿ, ಅಷ್ಟೇ.

ಗೂಟದಲ್ಲಿದ್ದ ಹೊಸ ಮದುವೆ ಕೋಟು ನಕ್ಕಿತು. ಅದಕ್ಕೆ ಎದೆ ತುಂಬ ಜರಿ, ಭುಜದೊಳಗೆ ದಿಂಬಿನಷ್ಟು ಪ್ಯಾಡು. "ಹೊರಟೆಯಾ ಅಜ್ಜ? ಮೈಮೇಲೆ ಒಂದು ಗುಂಡಿಯೂ ಇಲ್ಲದೆ ಇಷ್ಟು ದಿನ ಬದುಕಿದ್ದೇ ಹೆಚ್ಚು."

"ಗುಂಡಿ ಬೇಕೆನಿಸಲಿಲ್ಲ ಮಗು," ಎಂದಿತು ರಟ್ಟು.

ಅಷ್ಟರಲ್ಲಿ ಮದುಮಗ ಬಂದು, ಕೋಟು ತೊಟ್ಟು, ಎರಡೂ ಕೈ ಮುಂದೆತ್ತಿದ. ಕೋಟಿನ ಭುಜಗಳು ಅವನ ಕಿವಿಗೇರಿದವು. "ಮಾಸ್ಟ್ರೇ, ಇದನ್ನು ಹಾಕಿಕೊಂಡು ತಾಳಿ ಹೇಗೆ ಕಟ್ಟಲಿ? ನನಗೆ ಬೇಡ, ನೀವೇ ಇಟ್ಟುಕೊಳ್ಳಿ."

ಹಾಲೇಶಪ್ಪ ಪ್ಯಾಡು ಕಿತ್ತ, ಹೊಲಿಗೆ ಬಿಚ್ಚಿದ, ಚೀಲದಿಂದ ರಟ್ಟನ್ನೆತ್ತಿ ಬಟ್ಟೆಯ ಮೇಲಿಟ್ಟು ಸುತ್ತಲೂ ಸೀಮೆಸುಣ್ಣ ಎಳೆದ. ಸಂಜೆಗೆ ಮದುಮಗ ಮತ್ತೆ ಹೊಲಿದ ಕೋಟು ತೊಟ್ಟು ಕೈ ಎತ್ತಿ, ಇಳಿಸಿ, ನಕ್ಕ. ರಟ್ಟು ಮತ್ತೆ ಮೊಳೆಗೇರಿತು, ಪ್ಯಾಡು ಚೀಲಕ್ಕೆ ಹೋಯಿತು.

ಹೊರಡುವ ಮುನ್ನ ಕೋಟು ಮೆಲ್ಲಗೆ ಕೇಳಿತು: "ಅಜ್ಜ, ಈಗ ನಾನು ಯಾರ ಹಾಗೆ ಕಾಣುತ್ತೇನೆ?"

"ನಲವತ್ತು ವರ್ಷದಿಂದ ಈ ಅಂಗಡಿಯ ಮೆಟ್ಟಿಲಿಳಿದ ಕೋಟುಗಳೆಲ್ಲದರ ಹಾಗೆ," ಎಂದಿತು ರಟ್ಟು. "ಜರಿ ಮಾತ್ರ ನಿನ್ನದು."