ಕೈಮರದವನ ಬಾವಿ

"ಗುರುಗಳೇ, ಬಂದವರು ನೋಡುತ್ತಾರೆ, ಓದುತ್ತಾರೆ, ಹೋಗಿಬಿಡುತ್ತಾರೆ. ಅವರು ಕೊಳ್ಳುವಂತೆ ಮಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನದೊಂದು ವೆಬ್‌ಸೈಟ್ ಇತ್ತು. ಅದರಲ್ಲಿ ಅವನು ಏನನ್ನೂ ಮಾರುತ್ತಿರಲಿಲ್ಲ. ಯಾವ ವಸ್ತು ಒಳ್ಳೆಯದೆಂದು ಬರೆದು, ಮಾರುವವರ ಕಡೆಗೆ ದಾರಿ ತೋರಿಸುತ್ತಿದ್ದ. ಹಾಗೆ ಹೋದವರು ಕೊಂಡರೆ ಅವನಿಗೆ ಕಮಿಷನ್. 'ಕೊಳ್ಳಿ' ಎಂಬ ಗುಂಡಿಯ ಬಣ್ಣ ಬದಲಿಸಿದ್ದ, ಅಕ್ಷರ ದಪ್ಪ ಮಾಡಿದ್ದ, 'ಇವತ್ತೇ ಕೊನೆ' ಎಂದೂ ಬರೆದು ನೋಡಿದ್ದ.

"ಒಂದು ಪುಟ ಮಾತ್ರ ಚೆನ್ನಾಗಿ ಓಡುತ್ತಿದೆ" ಎಂದು ಮೊಬೈಲ್ ತೆಗೆದು ಓದಿದ: 'ನಮ್ಮ ಪಾಪುವೂ ಇದೇ ತೊಟ್ಟಿಲಲ್ಲಿ ಮಲಗುತ್ತದೆ.'

"ಪಾಪುವಿಗೆ ಎಷ್ಟು ತಿಂಗಳು?" ಎಂದರು ಗುರುಗಳು.

ಶಿಷ್ಯ ನಕ್ಕ. "ನನಗಿನ್ನೂ ಮದುವೆಯೇ ಆಗಿಲ್ಲವಲ್ಲ ಗುರುಗಳೇ. ಹಾಗೆ ಬರೆದರೆ ಜನ ನಂಬುತ್ತಾರೆ. ಉಳಿದ ಪುಟಗಳನ್ನೂ ಹಾಗೇ ತಿದ್ದಲೇ?"

ಗುರುಗಳು ನಗಲಿಲ್ಲ. ಈ ಕತೆ ಹೇಳಿದರು.

ಮೂರು ದಾರಿ ಕೂಡುವಲ್ಲಿ ಒಬ್ಬನ ಮನೆಯಿತ್ತು. ಮನೆಯ ಮುಂದೆ, ಯಾವ ಊರಿಗೆ ಯಾವ ದಾರಿಯೆಂದು ತೋರಿಸುವ ಕೈಮರ. ಒಬ್ಬ ಹಗ್ಗದ ವ್ಯಾಪಾರಿ ಅವನಲ್ಲಿಗೆ ಬಂದು, "ಹೋಗಿಬರುವವರನ್ನು ನನ್ನ ಅಂಗಡಿಗೆ ಕಳಿಸು, ಬಂದದ್ದರಲ್ಲಿ ನಿನಗೂ ಪಾಲು" ಎಂದ. ಇವನು ಕೈಮರಕ್ಕೆ ಇನ್ನೊಂದು ಕೈ ಹೊಡೆದು ಕೆಂಪು ಬಣ್ಣ ಬಳಿದ. ಕೂರಲು ಕಲ್ಲು ಹಾಕಿಸಿದ, ಕುಡಿಯಲು ನೀರಿಟ್ಟ. ಜನ ಕೂತರು, ನೀರು ಕುಡಿದರು, ತಮ್ಮ ದಾರಿ ಹಿಡಿದರು.

ಒಂದು ದಿನ ಅವನ ಬಾಯಿಂದ ಒಂದು ಮಾತು ಬಂತು: "ನಮ್ಮ ಮನೆಯ ಬಾವಿಗೂ ಅದೇ ಹಗ್ಗ." ಕೇಳಿದವನು ನೇರವಾಗಿ ಹಗ್ಗದಂಗಡಿಗೆ ಹೋದ. ಅಂದಿನಿಂದ ಬಂದವರಿಗೆಲ್ಲ ಅದೇ ಮಾತು. ನಿಜಕ್ಕೂ ಅವನ ಬಾವಿಯಲ್ಲಿದ್ದದ್ದು ಮಾವ ಹೊಸೆದುಕೊಟ್ಟ ಹಳೆಯ ಹಗ್ಗ. ವ್ಯಾಪಾರಿಯ ಹಗ್ಗವನ್ನು ಅವನು ಮುಟ್ಟಿಯೂ ನೋಡಿರಲಿಲ್ಲ.

ಬೇಸಿಗೆಯಲ್ಲಿ ಅವನ ಬಾವಿಯ ಹೂಳು ತೆಗೆಸಬೇಕಾಯಿತು. ಬಾವಿಗಿಳಿಯುವವನೊಬ್ಬನನ್ನು ಹೆಂಡತಿ ಕರೆಸಿದಳು. ಅವನು ಹೆಗಲ ಮೇಲೆ ಹೊಸ ಹಗ್ಗದ ಸುರುಳಿ ಹೊತ್ತು ಬಂದ. ಒಂದು ತುದಿಯನ್ನು ಕಲ್ಲುಕಂಬಕ್ಕೆ ಬಿಗಿದ, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡ. ಬಾವಿ ಎಂಟಾಳು ಆಳ. ಬಿದ್ದವನು ಉಳಿಯುವ ಹಾಗಿರಲಿಲ್ಲ.

"ಹೊಸ ಹಗ್ಗವೇನಪ್ಪ?" ಎಂದ ಮನೆಯವನು.

"ನಿಮ್ಮ ಮಾತು ಕೇಳೇ ತಗೊಂಡಿದ್ದು ಯಜಮಾನ್ರೇ. ಅರ್ಧ ನನಗೆ, ಅರ್ಧ ನನ್ನ ತಮ್ಮನಿಗೆ. ಅವನು ಬೆಳಿಗ್ಗೇನೇ ಪಕ್ಕದೂರಿನ ಬಾವಿಗೆ ಇಳಿಯೋಕೆ ಹೋದ" ಎನ್ನುತ್ತ ಅವನು ಬಾವಿಯೊಳಗೆ ಒಂದು ಕಾಲು ಇಳಿಬಿಟ್ಟ.

ಮನೆಯವನು ಸುಮ್ಮನಿದ್ದುಬಿಡಬಹುದಿತ್ತು, ಇರಲಾಗಲಿಲ್ಲ. "ಇಳಿಯಬೇಡಪ್ಪ. ಆ ಹಗ್ಗ ಹೇಗಿದೆಯೋ ನನಗೆ ಗೊತ್ತಿಲ್ಲ."

ಬಾವಿಗಿಳಿಯುವವನು ರಾಟೆಯ ಮೇಲಿದ್ದ ಹಳೆಯ ಹಗ್ಗ ನೋಡಿದ. ತನ್ನ ಸೊಂಟದ ಹಗ್ಗ ನೋಡಿದ. ಬೈಯಲೂ ಇಲ್ಲ. ಗಂಟು ಬಿಚ್ಚಿ ಎಸೆದು ಪಕ್ಕದೂರಿನ ಕಡೆಗೆ ಓಡಿದ. ಮನೆಯವನೂ ಅವನ ಹಿಂದೆ ಓಡಿದ. ಬಾವಿಯ ಬಳಿ ನಿಂತಿದ್ದ ಹೆಂಡತಿಯ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಅವರು ತಲುಪುವಾಗ ಆ ತಮ್ಮನು ಕೆಲಸ ಮುಗಿಸಿ ಮೇಲೆ ಬಂದು, ಬಾವಿಕಟ್ಟೆಯ ಮೇಲೆ ಕೂತು ಹಗ್ಗ ಸುತ್ತುತ್ತಿದ್ದ. "ಒಳ್ಳೇ ಹಗ್ಗ ಕಣಣ್ಣ. ಇದನ್ನ ತಗೊಳ್ಳಿ ಅಂದವರ ಹೊಟ್ಟೆ ತಣ್ಣಗಿರಲಿ" ಎಂದ.

ಅಣ್ಣ ತಮ್ಮನ ಪಕ್ಕ ಕೂತು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡ. ಅವನು ಬೈದಿದ್ದರೆ ಮನೆಯವನು ಹೇಗೋ ತಡೆದುಕೊಳ್ಳುತ್ತಿದ್ದ. ನಾಚಿಕೆಯಿಂದ ತಲೆ ಎತ್ತಲಾಗದೆ ಮನೆಗೆ ಬಂದು, ಕೈಮರದ ಕೆಂಪು ಕೈಯನ್ನು ಕಿತ್ತುಹಾಕಿದ. ಆಮೇಲೆ ಯಾರಾದರೂ ಹಗ್ಗದ ವಿಷಯ ಎತ್ತಿದರೆ ಸಾಕು, ಎದ್ದು ಒಳಗೆ ಹೋಗಿಬಿಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಹಗ್ಗ ಗಟ್ಟಿಯಾಗಿಯೇ ಇತ್ತಲ್ಲ ಗುರುಗಳೇ. ಯಾರಿಗೂ ಏನೂ ಆಗಲಿಲ್ಲ. ಮತ್ತೆ ಅವನಿಗೇಕೆ ಅಷ್ಟು ನಾಚಿಕೆ?"

ಶಿಷ್ಯನ ಕೈಯಲ್ಲಿ ತೊಟ್ಟಿಲಿನ ಪುಟ ಇನ್ನೂ ತೆರೆದೇ ಇತ್ತು. ಗುರುಗಳು ಅದನ್ನೇ ನೋಡುತ್ತ ಹೇಳಿದರು:

"ಗಟ್ಟಿಯೆಂದು ಅವನಿಗೂ ಗೊತ್ತಾದದ್ದು, ಆ ತಮ್ಮ ಇಳಿದು ಹತ್ತಿ ಬಂದ ಮೇಲೆ."

ಶಿಷ್ಯ ಮೊಬೈಲನ್ನು ಬೋರಲು ಇಟ್ಟ.