ನಡುಗೆರೆಯ ಭತ್ತದ ಗದ್ದೆ

“ಕೆರೆಯಲ್ಲಿ ಕಳೆ ಇದೆ ಅಂತ ಬಾಯಿ ಬಿಟ್ಟೆಯೋ, ನಿನ್ನ ಮೀನಿನ ಪರವಾನಗಿ ರದ್ದು,” ಎಂದ ಎಂಜಿನಿಯರ್.

ಅಂಬಿಗರ ತಿಪ್ಪಣ್ಣ ತಲೆಯಾಡಿಸಿದ. ಕೆರೆ ತುಂಬ ಅಂತರಗಂಗೆ ಹಬ್ಬಿ, ಮಳೆಗಾಲದಿಂದ ಅವನ ಬಲೆಗೆ ಮೀನು ಬಿದ್ದಿರಲಿಲ್ಲ. ಎಂಜಿನಿಯರ್ ಏರಿಯ ಮುಂದಿನ ಕಳೆಯನ್ನಷ್ಟೇ ತೆಗೆಸಿ, ಕೆರೆಯೆಲ್ಲ ಸ್ವಚ್ಛವಾಯಿತೆಂದು ವರದಿ ಕಳಿಸಿದ್ದ.

ಮರುದಿನ ವರದಿ ಪರಿಶೀಲಿಸಲು ಬಂದ ಹಿರಿಯ ಅಧಿಕಾರಿ ಏರಿ ಹತ್ತಿ ನೋಡಿದರು.

“ಅಲ್ಲಿ ಕಾಣೋ ಹಸಿರು ಏನ್ರೀ?”

“ಆಚೆ ದಡದ ಭತ್ತದ ಗದ್ದೆ ಸಾರ್,” ಎಂದ ಎಂಜಿನಿಯರ್.

“ಬನ್ನಿ ಬುದ್ಧಿ, ಗದ್ದೆ ತೋರಿಸ್ತೀನಿ,” ಎಂದು ತಿಪ್ಪಣ್ಣ ಇಬ್ಬರನ್ನೂ ಹರಿಗೋಲಿಗೆ ಹತ್ತಿಸಿಕೊಂಡ.

ನಡುಗೆರೆಯಲ್ಲಿ ಹರಿಗೋಲು ಕಳೆಗೆ ಸಿಕ್ಕಿ ನಿಂತಿತು. ಮುಂದೂ ಹೋಗದು, ಹಿಂದೂ ಬಾರದು. ತಿಪ್ಪಣ್ಣ ಕುಡುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಹಚ್ಚಿದ.

“ಕೊಯ್ದು ದಾರಿ ಮಾಡೋ!” ಎಂದು ಎಂಜಿನಿಯರ್ ಕೂಗಿದ.

“ಕಂಡವರ ಪೈರು ಕೊಯ್ದರೆ ಕೇಸಾಗ್ತೈತೆ ಬುದ್ಧಿ. ಕಳೆಯಾಗಿದ್ದರೆ ಕೊಯ್ತಿದ್ದೆ.”

ಹರಿಗೋಲು ವಾಲಿತು. ಎಂಜಿನಿಯರನ ಬೂಟಿಗೆ ನೀರು ನುಗ್ಗಿತು.

“ಕಳೆಯೇ ಕಣಯ್ಯ! ಬರೀ ಕಳೆ! ಕೊಯ್ಯಿ!”

“ತಾವೇ ಅಂದ ಮೇಲೆ ಆಯ್ತು,” ಎಂದು ತಿಪ್ಪಣ್ಣ ಕುಡುಗೋಲು ಎತ್ತಿಕೊಂಡ.

ದಡ ಮುಟ್ಟಿದೊಡನೆ ಹಿರಿಯ ಅಧಿಕಾರಿ ಇಳಿದು ಹೊರಟುಹೋದರು.

ಮುಂದಿನ ವಾರ ಅವರಿಂದ ಆದೇಶ ಬಂತು. ಆ ಕೆರೆಯಲ್ಲಿ ಹರಿಗೋಲು ಇಳಿಸುವುದನ್ನು ನಿಷೇಧಿಸಲಾಗಿತ್ತು. ಕಳೆ ಅಲ್ಲೇ ಉಳಿಯಿತು.