ಕೆಂಪಕ್ಕನ ಸಿಟ್ಟಿಗೆ ಮಂಕಾಗೋ ಚುಕ್ಕಿ

“ಹೊಟ್ಟೆಕಿಚ್ಚಾ? ನಂಗಾ? ಥೂ, ಬಿಡೇ!” ಅಂತ ಕೆಂಪಕ್ಕ ಸಿಡುಕಿದ್ಲು.

ಯಾರೂ ಏನೂ ಕೇಳಿರ್ಲಿಲ್ಲ. ತಂಗಿ ಬೆಳ್ಳಿ ಕನ್ನಡಿ ಮುಂದೆ ಕೂತು ಜಡೆ ಹಾಕ್ಕೊತಿದ್ಲು, ಅಷ್ಟೇ.

ಆಗಿನ್ನೂ ಲೋಕ ಹೊಸದು. ಆಕಾಶದ ಬಣ್ಣ ಒಣಗಿರ್ಲಿಲ್ಲ, ಮುಟ್ಟಿದ್ರೆ ಕೈಗೆ ಅಂಟ್ತಿತ್ತು. ಯಾವ ಕಡೆ ಹರೀಬೇಕು ಅಂತ ಹೊಳೆಗೇ ಗೊತ್ತಿರ್ಲಿಲ್ಲ. ಅಕ್ಕ ತಂಗಿ ಇಬ್ರೂ ಚುಕ್ಕಿಗಳು, ಇಬ್ರಿಗೂ ಒಂದೇ ಮನೆ.

ಮೊದ್ಲು ಹೊಳೀತಿದ್ದೋಳು ಕೆಂಪಕ್ಕ. ಬೆಳ್ಳಿ ಸಣಕಲು, ಸಪ್ಪೆ. ಒಂದಿನ ಚಂದ್ರ ಬೆಳ್ಳಿನ ನೋಡೋಕೆ ಬರ್ತಾನೆ ಅಂತಾಯ್ತು. ಹೆಣ್ಣು ನೋಡೋಕೆ ಬಂದಾಗ ಅಕ್ಕನ ಸರ, ಅಕ್ಕನ ಸೀರೆ ಹಾಕಿ ತಂಗೀನ ಕೂರಿಸೋದು ಎಲ್ಲಾ ಮನೇಲೂ ಇದ್ದಿದ್ದೇ. ಚುಕ್ಕಿಗಳ ಹತ್ರ ಸರ ಎಲ್ಲಿಂದ ಬರ್ಬೇಕು? ಕೆಂಪಕ್ಕ ತನ್ನ ಮೈಹೊಳಪನ್ನೇ ಬಿಚ್ಚಿ ಕೊಟ್ಲು. “ಇವತ್ತೊಂದಿನಕ್ಕೆ ಕಣೇ,” ಅಂದ್ಲು.

ಚಂದ್ರ ಬಂದ. ಉಪ್ಪಿಟ್ಟು ತಿಂದ, ಇನ್ನೊಂದ್ಸಲ ಹಾಕಿಸ್ಕೊಂಡ. “ಹೋಗಿ ತಿಳಿಸ್ತೀವಿ,” ಅಂದ. ಆ ಪುಣ್ಯಾತ್ಮ ಇವತ್ತಿಗೂ ತಿಳಿಸಿಲ್ಲ.

ಹೊಳಪೂ ವಾಪಸ್ ಬರ್ಲಿಲ್ಲ.

“ಕೊಡೇ ನಂದು,” ಅಂದ್ರೆ, “ನಾಳೆ ಅಕ್ಕ.” ನಾಳೆ ಕೇಳಿದ್ರೆ, “ಚಂದ್ರ ತಿರುಗಿ ಬಂದ್ಬಿಟ್ರೆ?” ಆಮೇಲೆ ಕೇಳಿದ್ರೆ, “ನಿನ್ನಂಥ ದಢೂತಿನ ಯಾರು ನೋಡ್ತಾರೆ ಬಿಡಕ್ಕ!”

ಕೆಂಪಕ್ಕ ಕುದಿಯೋಳು. ಮೈಯಲ್ಲಿ ಉಳಿದಿದ್ದು ಆರೋ ಕೆಂಡದ ಬಣ್ಣ ಮಾತ್ರ.

ಅವತ್ತು ಬೆಳ್ಳಿ ಜಡೆ ಹಾಕ್ಕೊತಿದ್ದಾಗ ಕೆಳಗಿಂದ ಹೊಳೆ ಕೂಗ್ತು: “ಯಾರವ್ವಾ ಅದು, ಇಷ್ಟು ಜಗಜಗ ಅಂತಿರೋದು? ಮನೇಲಿ ಎಷ್ಟು ಜನ?”

“ನಾನು ಬೆಳ್ಳಿ! ಒಬ್ಳೇ ಇರೋದು!”

ಕೆಂಪಕ್ಕ ಪಕ್ಕದಲ್ಲೇ ನಿಂತಿದ್ಲು.

“ಒಬ್ಳೇನಾ? ನಾನೇನು ಗೋಡೆನಾ?”

“ಮೆಲ್ಲಗೆ ಅಕ್ಕ, ಹೊಳೆಗೆ ಕೇಳ್ಸುತ್ತೆ.”

“ಕೇಳ್ಸಲಿ! ನನ್ನ ಬೆಳಕು ಹಾಕ್ಕೊಂಡು ನನ್ನನ್ನೇ ಇಲ್ಲ ಅಂತೀಯಾ? ನಾನು ಅಡ್ಡ ನಿಂತ್ರೆ ನಿನ್ನನ್ಯಾವನು ನೋಡ್ತಾನೋ ನಾನೂ ನೋಡ್ತೀನಿ!”

ಬೆಳ್ಳಿನ ಒಳಗೇ ಬಿಟ್ಟು, ದಢಾರ್ ಅಂತ ಬಾಗಿಲು ಹಾಕಿ ಹೊರಗೆ ಅಡ್ಡ ನಿಂತ್ಲು. ಸಂದಿಯಿಂದ ಸೋರಿದಷ್ಟೇ ಬೆಳಕು.

“ಅಯ್ಯೋ, ಚುಕ್ಕಿ ಆರೋಯ್ತಾ?” ಅಂತು ಹೊಳೆ.

“ಆರಿಲ್ಲ! ಇನ್ನೊಬ್ಳಿದ್ದೀನಿ ಇಲ್ಲಿ. ಕೆಂಪಿ ಅಂತ. ಲೆಕ್ಕಕ್ಕಿಟ್ಕೋ!”

ಹೊಳೆ ಲೆಕ್ಕಕ್ಕಿಟ್ಕೊಂತು. ಸಿಟ್ಟಿಳಿದ್ಮೇಲೆ ಕೆಂಪಕ್ಕ ಒಳಗೆ ಹೋದ್ಲು. ಹೋಗೋಕೆ ಬೇರೆ ಮನೆ ಎಲ್ಲಿದೆ? ಹೋಗಿ ಮತ್ತೆ ಕೇಳಿದ್ಲು. ಬೆಳ್ಳಿ ಮತ್ತೆ ಅಂದ್ಲು, “ನಾಳೆ ಅಕ್ಕ.”

ಅದಕ್ಕೇ ಮಕ್ಳಾ, ನಿನ್ನೆ ಮೊನ್ನೆ ಚೆನ್ನಾಗಿ ಹೊಳೀತಿದ್ದ ಆ ಚುಕ್ಕಿ ಇವತ್ತು ಸುಮ್‌ಸುಮ್ನೆ ಮಂಕಾಗಿ ಕಂಡ್ರೆ ಕಣ್ಣುಜ್ಕೋಬೇಡಿ, ಮೋಡಾನ ಬೈಬೇಡಿ. ಕೆಂಪಕ್ಕ ಮತ್ತೆ ಜಗಳ ಆಡಿ ಈಗಷ್ಟೇ ಹೊರಗೆ ಬಂದು ದಢಾರ್ ಅಂತ ಬಾಗಿಲು ಎಳ್ಕೊಂಡಿದ್ದಾಳೆ.